ಏಟು ಬಿದ್ದರೆ ಬಿತ್ತು ಅನ್ನು

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ ಹೇಳಿದ್ದು ಒಂದೇ ಮಾತು. "ಅವಳು ಕೇಳೋಕೆ ಮಾಡಿದ್ದಲ್ಲ ಕಣೇ, ಹೇಳೋಕೆ ಮಾಡಿದ್ದು." ಅಷ್ಟು ಹೇಳಿ ಪೇಪರ್ ಹಿಡಿದು ಕೂತುಬಿಟ್ಟರು. ನನಗೂ ಅದು ಗೊತ್ತಾಗಿತ್ತು. ಆದರೂ ನೀನೇ ಹೇಳು, ಇರುವುದೇ ಬೆರಳೆಣಿಕೆಯ ರಜೆ, ಅದರಲ್ಲಿ ಒಂದು ವಾರ ಪೆನ್ಸಿಕ್ ವಾರ್ ಅನ್ನುವ ಹಳೇ ಕಾಲದ ವೇಷದ ಆಟಕ್ಕೆ ಹೋಗಿ, ಗುಡಾರ ಹಾಕಿ ಹುಲ್ಲಿನ ಮೇಲೆ ಮಲಗಿ ಬೆತ್ತದ ಕತ್ತಿಯಲ್ಲಿ ಹೊಡೆದಾಡಿ ಬರುತ್ತೇನೆ, ಚಿಕ್ಕಪ್ಪನ ಮಗಳ ಮದುವೆಗೆ ಬರಲ್ಲ ಅಂದರೆ ಯಾವ ತಾಯಿ "ಆಗಲಮ್ಮ, ಹೋಗಿ ಬಾ" ಅಂತಾಳೆ? ಜೋರು ಮಾಡಿದೆ. ತಲೆ ಕೆಟ್ಟಿದೆಯಾ ಅಂದೆ. ಆ ಮಾತಿಗೆ ಬೇಜಾರಿದೆ. ಮದುವೆ ಬಗ್ಗೆ ಅಂದದ್ದಕ್ಕೆ ಬೇಜಾರೇನೂ ಇಲ್ಲ, ಅದು ಹಾಗೇ ಇರಲಿ.

ಹೋದ ವರ್ಷದ್ದು ನಾನು ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಆ ವಾರ ಫೋನ್ ಜಾಸ್ತಿ ನೋಡಲ್ಲ ಅಂದೆಯಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನೀನು ಕಳಿಸಿದ್ದನ್ನೆಲ್ಲ ಓದಿದೆ. ಅರ್ಥವಾಗದ್ದನ್ನು ನಿಮ್ಮಪ್ಪನ ಹತ್ತಿರ ಹುಡುಕಿಸಿ ಓದಿದೆ. ಇಷ್ಟು ವರ್ಷ ಸಮಾಜ ಪಾಠ ಮಾಡಿದವಳು, ಯುರೋಪಿನ ಮಧ್ಯಯುಗ ಅಂದರೆ ಊಳಿಗಮಾನ್ಯ ಪದ್ಧತಿ, ನಾಲ್ಕು ಅಂಕದ ಪ್ರಶ್ನೆ, ಅಷ್ಟೇ ಅಂದುಕೊಂಡಿದ್ದೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಒಂದಷ್ಟು ಜನ ಸ್ನೇಹಿತರು ಹಳೇ ಕಾಲದ ವೇಷ ಹಾಕಿ ಕತ್ತಿ ಆಡಿದ್ದು, ಅದು ಬೆಳೆದು ಸೊಸೈಟಿ ಫಾರ್ ಕ್ರಿಯೇಟಿವ್ ಅನಕ್ರಾನಿಸಂ ಅಂತ ಆಗಿದ್ದು, ಅಮೆರಿಕವನ್ನೆಲ್ಲ ರಾಜ್ಯ ರಾಜ್ಯ ಅಂತ ಹಂಚಿಕೊಂಡು ಯಾರು ಟೂರ್ನಮೆಂಟಲ್ಲಿ ಗೆಲ್ಲುತ್ತಾರೋ ಅವರೇ ಸ್ವಲ್ಪ ತಿಂಗಳು ರಾಜ ಆಗುವುದು, ಇದೆಲ್ಲ ಓದಿ ನಗು ಬಂತು. ನಿಮ್ಮ ಪೆನ್ಸಿಕ್ ವಾರ್ 1972ರಿಂದ ನಡೆಯುತ್ತಿದೆಯಂತೆ. ಪೂರ್ವದ ರಾಜ್ಯಕ್ಕೂ ಮಧ್ಯದ ರಾಜ್ಯಕ್ಕೂ ಯುದ್ಧ, ಸೋತವರಿಗೆ ಪಿಟ್ಸ್‌ಬರ್ಗ್ ಅಂತ ತಮಾಷೆ. ನೀನು ತಿಂಗಳು ತಿಂಗಳು ಅಷ್ಟೊಂದು ಬಾಡಿಗೆ ಕಟ್ಟುವ ಊರನ್ನು ಸೋತವರ ತಲೆಗೆ ಕಟ್ಟುತ್ತಾರೆ, ನೋಡು.

ಹತ್ತು ಸಾವಿರ ಜನ ಸೇರುತ್ತಾರೆ ಅಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ಕಾಡಿನಲ್ಲಿ ಹತ್ತು ಜನ ಕುಡಿದು ಕುಣಿಯುವುದು ಅಂದುಕೊಂಡಿದ್ದೆ. ಇದು ನಾಯಕನಹಟ್ಟಿ ಜಾತ್ರೆಯ ಹಾಗೆ, ಅಲ್ವಾ? ಅಂಗಡಿ ಸಾಲು, ಊಟ, ಹಾಡು, ನೇಯ್ಗೆ ಕಲಿಸುವವರು, ಕಮ್ಮಾರಿಕೆ ಕಲಿಸುವವರು, ಬೆಳಗ್ಗೆಯಿಂದ ಸಂಜೆವರೆಗೆ ತರಗತಿಗಳು. ಬರೀ ಅದಕ್ಕಾಗಿಯೇ ಹೋಗುವವರೂ ಇದ್ದಾರಂತೆ. ನೀನೂ ಹಾಗೆ ಹೋಗಬಹುದಿತ್ತು. ಅಡುಗೆ ಕ್ಲಾಸಿಗೆ ಹೋಗು ಅಂದರೆ ಕಿತ್ತಾಡುತ್ತೀಯ, ಅದಕ್ಕೇ ಹೇಳಲ್ಲ.

ವೇಷದ ವಿಷಯ. ಓಬವ್ವ ಆಗು ಅಂತ ನಾನು ಹೇಳಿದ್ದಕ್ಕೆ "ಅಮ್ಮ, 1600ರ ಹಿಂದಿನದು ಮಾತ್ರ" ಅಂದೆ. ದುರ್ಗದ ಹುಡುಗಿ ಓಬವ್ವ ಆಗುವ ಹಾಗಿಲ್ಲ ಅಂದರೆ ಏನು ಕಥೆ! ಆಮೇಲೆ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದೆ. ಓಬವ್ವ ಹೈದರಾಲಿ ಕಾಲದವಳು, ಆಗಲ್ಲ. ಕಿತ್ತೂರು ಚೆನ್ನಮ್ಮ 1824, ಆಗಲೇ ಆಗಲ್ಲ. ಕೆಳದಿ ಚೆನ್ನಮ್ಮನೂ ತಡವಾಗಿ ಹುಟ್ಟಿದಳು. ಉಳಿದವಳು ಉಳ್ಳಾಲದ ಅಬ್ಬಕ್ಕ. ಪೋರ್ಚುಗೀಸರಿಗೆ ಕಪ್ಪ ಕೊಡಲ್ಲ ಅಂತ ನಿಂತವಳು, 16ನೇ ಶತಮಾನ, ಸರಿಯಾಗಿ ನಿಮ್ಮ ಗಡಿಯೊಳಗೆ. ಆದರೆ ಇತಿಹಾಸದಲ್ಲಿ ಹೆಸರಾದವರೇ ನಾನು ಅನ್ನುವ ಹಾಗಿಲ್ಲವಂತೆ, ಅವರ ಕಾಲದ ಯಾರೋ ಸಾಮಾನ್ಯರಾಗಬೇಕಂತೆ. ಆ ನಿಯಮ ನನಗೆ ಹಿಡಿಸಿತು. ನೀನು ವಿಜಯನಗರದವಳಾಗುತ್ತೇನೆ ಅಂದೆಯಲ್ಲ, ಯಾರಾದರೂ ಹೆಂಗಸರಿಗೇನು ಕತ್ತಿ ಅಂತ ಕೇಳಿದರೆ 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಡೊಮಿಂಗೊ ಪೇಸ್ ಬರೆದದ್ದನ್ನು ತೋರಿಸು. ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿಯುವ ಹೆಂಗಸರಿದ್ದರು, ಕುಸ್ತಿ ಮಾಡುವವರಿದ್ದರು ಅಂತ ಬರೆದಿದ್ದಾನೆ. ನೂನಿಜ್ ಅಂತ ಇನ್ನೊಬ್ಬ ಪೋರ್ಚುಗೀಸ, ಅರಮನೆಯ ಖರ್ಚಿನ ಲೆಕ್ಕ ಬರೆಯುವವರೂ ಹೆಂಗಸರೇ ಅನ್ನುತ್ತಾನೆ. ಹೆಸರು ಬೇಕಾದರೆ ತಿಪ್ಪಮ್ಮ ಅಂತ ಇಟ್ಟುಕೋ. ನಗಬೇಡ, ಚೆನ್ನಾಗಿದೆ.

ಮೊಳಕಾಲ್ಮೂರು ಸೀರೆ ಮಾತ್ರ ಕಳಿಸಲ್ಲ. ಕೆಸರಿಗೆ ರೇಷ್ಮೆ ಯಾಕೆ? ಹತ್ತಿ ಸೀರೆ ಎರಡು ಕಳಿಸಿದ್ದೇನೆ, ಕಚ್ಚೆ ಹಾಕಿ ಉಡು. ರಾತ್ರಿ ಬೆಂಕಿ ಹಾಕಿ ಸುತ್ತ ಕೂರುತ್ತೀರಂತೆ, ಪಾಲಿಯೆಸ್ಟರ್ ಬಟ್ಟೆಗೆ ಒಂದು ಕಿಡಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ, ಅದನ್ನು ಹತ್ತಿರಕ್ಕೂ ಸೇರಿಸಬೇಡ.

ಈಗ ಹೊಡೆದಾಟಕ್ಕೆ ಬರುತ್ತೇನೆ. ಒಂದೂಕಾಲು ಇಂಚು ದಪ್ಪದ ಬೆತ್ತ ಅಂತ ಓದಿದ ಕೂಡಲೇ ನಿಮ್ಮಪ್ಪ ಅಟ್ಟದಿಂದ ತಾತನ ಊರುಗೋಲು ತಂದು ಸ್ಕೇಲ್ ಇಟ್ಟು ಅಳೆದರು. ಅದು ಇನ್ನೂ ತೆಳು. ನಮ್ಮ ಕಾಲದಲ್ಲಿ ಮೇಷ್ಟ್ರ ಬೆತ್ತ ಅದರ ಅರ್ಧ ಇರಲಿಲ್ಲ, ಅಂಗೈ ಮೇಲೆ ಬಿದ್ದರೆ ಸಂಜೆವರೆಗೆ ಉರಿ. ನಿಮ್ಮದು ಭುಜದಿಂದ ಬೀಸಿ ಹೊಡೆಯುವ ಏಟು. ಉಕ್ಕಿನ ಹೆಲ್ಮೆಟ್ ಇದೆ, ಕುತ್ತಿಗೆಗೆ, ಮೊಣಕೈಗೆ, ಮಂಡಿಗೆ, ಸೊಂಟಕ್ಕೆ ಎಲ್ಲ ಕವಚ ಇದೆ, ಪರೀಕ್ಷೆ ಪಾಸಾಗದೆ ಇಳಿಸುವುದಿಲ್ಲ, ನೀನು ಪಾಸಾಗಿದ್ದೀಯ. ಇದನ್ನೆಲ್ಲ ನನಗೆ ಇನ್ನೊಂದು ಸಲ ಹೇಳಬೇಡ. ನನ್ನ ತಲೆ ಕೆಡಿಸಿದ್ದು ಬೇರೆ.

ಏಟು ಬಿತ್ತೋ ಇಲ್ಲವೋ ಅಂತ ಹೇಳುವ ಅಂಪೈರ್ ಇಲ್ಲ. ಬಿದ್ದವರೇ ಹೇಳಬೇಕು. ಕಾಲಿಗೆ ಬಿದ್ದರೆ ಕಾಲು ಹೋಯಿತು, ಕೈಗೆ ಬಿದ್ದರೆ ಕೈ ಹೋಯಿತು, ತಲೆಗೋ ಮೈಗೋ ಬಿದ್ದರೆ ಸತ್ತೆ ಅಂತ ತಾನೇ ಒಪ್ಪಿ ಆಚೆ ಹೋಗಬೇಕು. ಹೊಡೆದವರು ತೀರ್ಮಾನ ಮಾಡುವ ಹಾಗಿಲ್ಲ. ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟು ಸುಮ್ನೆ ಕೂತೆ. ಬಿದ್ದ ಏಟನ್ನು ಬಾಯಿಬಿಟ್ಟು ಹೇಳಬೇಕಾದ ಆಟಕ್ಕೆ ನಮ್ಮ ಮನೆಯಿಂದ ಹೋಗುತ್ತಿರುವುದು ನೀನು!

ಏಳನೇ ಕ್ಲಾಸಿನಲ್ಲಿ ಖೋಖೋ. ತಾಲ್ಲೂಕು ಮಟ್ಟ. ಕಂಬ ಹಿಡಿಯಲು ಹಾರಿ ಕೈಯೂರಿ ಬಿದ್ದೆ, ಅದನ್ನು ನಾವು ಯಾರೂ ನೋಡಲಿಲ್ಲ. ಮನೆಗೆ ಬಂದವಳು ಅಕ್ಕನ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಓಡಾಡಿದೆ. ಸೆಕೆಯಲ್ಲಿ ಸ್ವೆಟರ್ ಯಾಕೆ ಅಂದರೆ ಚಳಿ ಅಂದೆ. ರಾತ್ರಿ ಮುದ್ದೆ, ಬಸ್ಸಾರು. ನೀನು ಚಮಚ ಕೇಳಿದೆ. ಮುದ್ದೆಗೆ ಚಮಚ ಕೇಳಿದ ಮಗು ನಮ್ಮ ಎರಡೂ ಕಡೆಯ ವಂಶದಲ್ಲಿ ಇಲ್ಲ. ನಾವು ನಕ್ಕೆವು, ಯಾರ ಮನೆಯಲ್ಲೋ ನೋಡಿಕೊಂಡು ಬಂದಿದ್ದಾಳೆ, ಸ್ಟೈಲು ಅಂತ. ನೀನು ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ಚುಚ್ಚಿದೆ, ಅದು ಚಮಚಕ್ಕೆ ಮೆತ್ತಿಕೊಂಡು ಬಿಡಲಿಲ್ಲ, ಹಲ್ಲಿನಿಂದ ಎಳೆದು ತಿಂದೆ. ಗಲ್ಲದ ಮೇಲೆಲ್ಲ ಸಾರು. ಬಲಗೈ ತೊಡೆ ಮೇಲೆ, ಸ್ವೆಟರಿನೊಳಗೆ. ಒಂದು ಸಲವೂ ಮುಖ ಕಿವುಚಲಿಲ್ಲ. ಮಾರನೇ ದಿನವೂ ಹಾಗೇ ಶಾಲೆಗೆ ಹೋದೆ. ಅದರ ಮಾರನೇ ಬೆಳಗ್ಗೆ ಜಡೆ ಹಾಕುವಾಗ ರಿಬ್ಬನ್ ಹಿಡಿದುಕೋ ಅಂದರೆ ಹಿಡಿಯಲು ಆಗಲಿಲ್ಲ, ಆಗ ತೋಳು ಸರಿಸಿ ನೋಡಿದೆ. ಬದನೆಕಾಯಿ ಬಣ್ಣ. ಡಾಕ್ಟರು ಒತ್ತಿ "ನೋವಿದೆಯಾ ಪುಟ್ಟ" ಅಂದರು. "ಇಲ್ಲ" ಅಂದೆ. ಎಕ್ಸ್‌ರೇಯಲ್ಲಿ ಎರಡು ಕಡೆ ಬಿರುಕು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ, "ಹೇಳಿದ್ರೆ ಫೈನಲ್‌ಗೆ ಕಳಿಸ್ತಿರಲಿಲ್ಲ."

ಹೌದು, ಕಳಿಸುತ್ತಿರಲಿಲ್ಲ.

ಇದನ್ನು ನೂರು ಸಲ ಹೇಳಿದ್ದೇನೆ ಅಂತ ನಿನಗೆ ರೇಗುತ್ತದೆ. ಚಮಚ ಅಂದ ಕೂಡಲೇ "ಸಾಕಮ್ಮ" ಅಂತೀಯ. ಏನು ಮಾಡಲಿ, ಇವತ್ತಿಗೂ ಮುದ್ದೆ ಮಾಡಿದ ದಿನ ನನಗೆ ಆ ಸ್ವೆಟರಿನ ತೋಳು ನೆನಪಾಗುತ್ತದೆ. ಎದುರಿಗೇ ಕೂತಿದ್ದೆ, ಸಾರು ಬಡಿಸಿದ್ದೆ, ಗೊತ್ತಾಗಲಿಲ್ಲ. ಈಗ ನೀನು ಎದುರಿಗೂ ಇಲ್ಲ. ಫೋನಿನಲ್ಲಿ ಮುಖ ಮಾತ್ರ ಕಾಣುತ್ತದೆ, ಕೈ ಎಲ್ಲಿದೆ ಅಂತ ನನಗೇನು ಗೊತ್ತು?

ಆಟದ ಏಟನ್ನು ನೀನು ಒಪ್ಪಿಕೊಳ್ಳುತ್ತೀಯ. ಅದರಲ್ಲಿ ನನಗೆ ಅನುಮಾನವಿಲ್ಲ. ನೀನು ಕಳಿಸಿದ ಪ್ರಾಕ್ಟೀಸ್ ವಿಡಿಯೋ ನೋಡಿದೆವು. ಎಲ್ಲರಿಗೂ ಹೆಲ್ಮೆಟ್, ಯಾರು ಯಾರೋ ತಿಳಿಯಲ್ಲ, ಆದರೆ ನಡಿಗೆಯಿಂದ ನೀನು ಗೊತ್ತಾದೆ. ಎದುರಿಗಿದ್ದ ದೊಡ್ಡ ದೇಹದವನು ಪಕ್ಕೆಗೆ ಹೊಡೆದ, ಏಟು ಗಟ್ಟಿಯೋ ಸವರಿತೋ ನಮಗಂತೂ ಕಾಣಲಿಲ್ಲ, ನೀನೇ ಕೈಯೆತ್ತಿ ಪಕ್ಕಕ್ಕೆ ಹೋದೆ. ನಿಮ್ಮಪ್ಪ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. "ಬೇರೆಯವರಾಗಿದ್ದರೆ ಇಲ್ಲ ಅಂತಿದ್ದರು" ಅಂದರು. ನಾನು ಅದನ್ನು ನನ್ನ ಹಳೇ ಸ್ಟಾಫ್ ರೂಮಿನ ಗ್ರೂಪಿಗೆ ಹಾಕಿದ್ದೇನೆ. ನಿನ್ನನ್ನು ಬೈದ ಮಾರನೇ ದಿನವೇ ಹಾಕಿದ್ದು, ಅದನ್ನೂ ಹೇಳಿಬಿಡುತ್ತೇನೆ. ಹೆಡ್‌ಮಿಸ್ ಆಗಿದ್ದವರು "ನಿಮ್ಮ ಮಗಳು ಗಟ್ಟಿಗಿತ್ತಿ" ಅಂತ ಬರೆದರು. ನಾನು ಏನೂ ಬರೆಯಲಿಲ್ಲ. ಒಂದು ಕೈಮುಗಿಯುವ ಚಿತ್ರ ಹಾಕಿದೆ.

ನಾನು ಹೇಳುತ್ತಿರುವುದು ಆಟದ ಏಟಲ್ಲ, ನಿಜವಾದ ಏಟು. ಸೋತೆ ಅನ್ನಲು ನಿನಗೆ ನಾಚಿಕೆ ಇಲ್ಲ, ನೋವಾಯಿತು ಅನ್ನಲು ಇದೆ. ಎರಡೂ ಒಂದೇ ಅಂದುಕೊಳ್ಳಬೇಡ. ಯಾರು ಬೇಕಾದರೂ "ಹೋಲ್ಡ್" ಅಂತ ಕೂಗಿದರೆ ಇಡೀ ಯುದ್ಧ ಅಲ್ಲೇ ನಿಲ್ಲುತ್ತದೆ ಅಂತ ನೀನೇ ಹೇಳಿದೆ. ಸಾವಿರ ಜನ ನಿಂತರೂ ನಿಲ್ಲಲಿ, ಕೂಗು. ಸೇತುವೆ ಯುದ್ಧದಲ್ಲಿ ಒಬ್ಬರ ಮೇಲೊಬ್ಬರು ತಳ್ಳುವಾಗ, ಕಾಡಿನ ಯುದ್ಧದಲ್ಲಿ ಬೇರು ಎಡವಿ ಬಿದ್ದಾಗ, ಮಣಿಕಟ್ಟು ಒಂದು ಚೂರು ಬೇರೆ ಥರ ಅನ್ನಿಸಿದರೆ ಆಚೆ ಬಾ. ಅದೇ ಕೈ ಅದು. ಸತ್ತವರು ಆಚೆ ಹೋಗಿ ಮತ್ತೆ ಜೀವ ಬಂದು ವಾಪಸ್ ಬರುವ ಯುದ್ಧಗಳೂ ಇವೆಯಂತಲ್ಲ, ನಮ್ಮ ಮೂಳೆಗೆ ಆ ಸೌಲಭ್ಯ ಇಲ್ಲ.

ಪಾಠ ಶುರುವಾಯಿತು ಅಂತೀಯ. ಅನ್ನು. ಇನ್ನೂ ಇದೆ.

ನೀರು ಕುಡಿ. ಆಗಸ್ಟಿನ ಬಿಸಿಲಿಗೆ ಉಕ್ಕು ಹೊತ್ತು ನಿಂತರೆ ತಲೆ ಸುತ್ತು ಬಂದ ಮೇಲೆ ಕುಡಿದು ಪ್ರಯೋಜನವಿಲ್ಲ. ನೀರು ಹೊತ್ತು ಸಾಲಿನ ಮಧ್ಯೆ ಓಡಾಡುವವರು ಇರುತ್ತಾರೆ, ಕೊಟ್ಟಾಗ ಬೇಡ ಅನ್ನಬೇಡ. ಉಪ್ಪಿನಕಾಯಿ ಕೊಡುತ್ತಾರಂತೆ ಉಪ್ಪಿಗೆ. ಅವರದು ಸಪ್ಪೆ ಸೌತೆಕಾಯಿಯದು, ಆದರೂ ತಿನ್ನು. ಗುಡುಗು ಬಂದರೆ ಮರದ ಕೆಳಗಾಗಲಿ ಗುಡಾರದ ಕಂಬದ ಪಕ್ಕದಲ್ಲಾಗಲಿ ನಿಲ್ಲಬೇಡ, ಕಾರಿನೊಳಗೆ ಹೋಗಿ ಕೂರು. ಆಮೇಲೆ ಉಣುಗು. ಪೆನ್ಸಿಲ್ವೇನಿಯಾದಲ್ಲಿ ಉಣುಗಿನಿಂದ ಲೈಮ್ ಕಾಯಿಲೆ ಜಾಸ್ತಿ ಅಂತ ನಿಮ್ಮಪ್ಪ ಓದಿದ್ದಾರೆ. ಮಲೆನಾಡಿನ ಮಂಗನ ಕಾಯಿಲೆ ಸುದ್ದಿ ಓದಿ ಓದಿ ಅವರಿಗೆ ಉಣುಗು ಅಂದರೆ ಹುಲಿ ಕಂಡಷ್ಟು ಭಯ. ದಿನಾ ರಾತ್ರಿ ಮಂಡಿ ಹಿಂದೆ, ಕಂಕುಳು, ತಲೆಕೂದಲ ಬುಡ ನೋಡಿಕೋ. ನಿನ್ನ ಗುಡಾರದಲ್ಲಿರುವ ಆ ಇನ್ನೊಬ್ಬ ಹುಡುಗಿಗೆ ಹೇಳು, ಅವಳು ನೋಡಲಿ. ಕುಡಿಯುವವರ ಮಧ್ಯೆ ನಿನ್ನ ಲೋಟ ನಿನ್ನ ಕೈಯಲ್ಲೇ ಇರಲಿ. ಇಷ್ಟೇ ಹೇಳುತ್ತೇನೆ, ನೀನು ಚಿಕ್ಕವಳಲ್ಲ.

ಮದುವೆಗೆ ನಿನ್ನ ಹೆಸರಲ್ಲಿ ಮುಯ್ಯಿ ನಾವೇ ಓದಿಸುತ್ತೇವೆ. ಯಾಕೆ ಬರಲಿಲ್ಲ ಅಂತ ಚಿಕ್ಕಮ್ಮ ಕೇಳುತ್ತಾರೆ. ಯುದ್ಧಕ್ಕೆ ಹೋಗಿದ್ದಾಳೆ ಅಂತೀನಿ. ನಂಬಿದರೆ ನಂಬಲಿ.

ಅಲ್ಲಿ ಯಾವುದಾದರೂ ಫಾರಮ್ಮಿನಲ್ಲಿ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿದರೆ ನಿನ್ನ ಸ್ನೇಹಿತೆಯ ನಂಬರಿನ ಕೆಳಗೆ ನನ್ನದೂ ಹಾಕು, ಮುಂದೆ +91 ಸೇರಿಸಿ. ನಿಮಗೆ ರಾತ್ರಿ 11 ಅಂದರೆ ನಮಗೆ ಬೆಳಗ್ಗೆ 8:30, ಎದ್ದೇ ಇರುತ್ತೇನೆ. ಅಪ್ಪನದು ಹಾಕಬೇಡ. ಅವರು ಗೊತ್ತಿಲ್ಲದ ನಂಬರ್ ಬಂದರೆ ಸಾಲದವರು ಅಂತ ಕಟ್ ಮಾಡುತ್ತಾರೆ.

ನಿನ್ನ
ಅಮ್ಮ