ಗುಳಿಗೆಯ ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿಯಿತು

ಮಾನ್ಯ ಸಂಪಾದಕರೇ,

ಗರ್ಭನಿರೋಧಕ ಸೂಜಿಯಿಂದ ಮೆದುಳಿನ ಪೊರೆಯಲ್ಲಿ ಗಡ್ಡೆ ಬಂತು ಅಂತ ಅಮೆರಿಕದ ಹೆಂಗಸರು ಫೈಜರ್ ಕಂಪನಿ ಮೇಲೆ ಕೇಸು ಹಾಕಿರುವ ಸುದ್ದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಬಂದದ್ದು ಒಳ್ಳೆಯದೇ. ಆದರೆ ಅದನ್ನು ಓದಿ ನಮ್ಮ ಓಣಿಯ ಇಬ್ಬರು ಗರ್ಭ ತಡೆಯುವ ಮಾಲಾ-ಎನ್ ಗುಳಿಗೆ ಬಿಟ್ಟು ಕೂತಿದ್ದಾರೆ. ಕೇಸು ಇರೋದು ಡೆಪೋ-ಪ್ರೊವೆರಾ ಸೂಜಿಯ ಮೇಲೆ, ಇವರು ಬಿಟ್ಟದ್ದು ಬೇರೆಯದೇ ಗುಳಿಗೆ!

ಆ ಸೂಜಿಯ ಔಷಧ ನಮ್ಮಲ್ಲೂ ಇದೆ. ಸರ್ಕಾರಿ ದವಾಖಾನೆಯಲ್ಲಿ ‘ಅಂತರಾ’ ಅಂತ ಮೂರು ತಿಂಗಳಿಗೊಮ್ಮೆ ಪುಕ್ಕಟೆ ಹಾಕುತ್ತಾರಲ್ಲ, ಅದೇ. ಅದನ್ನು ವರ್ಷಕ್ಕಿಂತ ಜಾಸ್ತಿ ಹಾಕಿಸಿಕೊಂಡವರಲ್ಲಿ ಮೆದುಳಿನ ಪೊರೆಯ ಗಡ್ಡೆ ಸುಮಾರು ಐದೂವರೆ ಪಟ್ಟು ಹೆಚ್ಚು ಅಂತ 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಹೇಳಿತು. ಐದೂವರೆ ಪಟ್ಟು ಅಂದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ, ಆದರೆ ಆ ಗಡ್ಡೆಯೇ ಅಪರೂಪ, ಬಹುಪಾಲು ಕ್ಯಾನ್ಸರ್ ಕೂಡ ಅಲ್ಲ.

ಮಾಲಾ-ಎನ್ ಥರದ ಗುಳಿಗೆಯಲ್ಲಿ ನೋಡಬೇಕಾದ್ದು ರಕ್ತ ಹೆಪ್ಪುಗಟ್ಟೋದನ್ನ. ಅಮೆರಿಕದ ಔಷಧ ಇಲಾಖೆಯ ಲೆಕ್ಕದಲ್ಲಿ, ಗುಳಿಗೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನರಿಗೆ ಹೀಗಾಗುತ್ತದೆ, ತಗೊಳ್ಳೋರಲ್ಲಿ 3ರಿಂದ 9, ಬಸುರಿಯರಲ್ಲಿ 5ರಿಂದ 20. ಹೆದರಿ ಗುಳಿಗೆ ಬಿಟ್ಟು ಬಸುರಾದರೆ ಅಪಾಯ ಕಡಿಮೆ ಏನೂ ಆಗಲಿಲ್ಲ, ಅಲ್ವಾ? ಹಾಗಂತ ಎಲ್ಲರಿಗೂ ಹೊಂದುವ ಗುಳಿಗೆಯೂ ಅಲ್ಲ. ಬಿಪಿ ಇದ್ದವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆ ನೋವು ಬರೋರು, ಈಗಷ್ಟೇ ಹೆತ್ತವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇನ್ನು ನಮ್ಮ ಮನೆಯ ಕತೆ. ಗವಿಮಠದ ಜಾತ್ರೆಗೆ ನಮ್ಮ ಊರಿಂದ ರೊಟ್ಟಿ ಹೋಗುತ್ತವೆ. ರೊಟ್ಟಿ ಬಡಿಯೋ ದಿನಕ್ಕೇ ನನ್ನ ನಾದಿನಿಯ ಡೇಟು ಬಿತ್ತು. ಮಗನನ್ನು ಮೆಡಿಕಲ್‌ಗೆ ಕಳಿಸಿ, ಮುಟ್ಟು ಮುಂದೆ ಹಾಕೋ ಗುಳಿಗೆ ತರಿಸಿದಳು. ಹತ್ತು ವರ್ಷದ ಹುಡುಗ ಕೇಳಿದ, ಅವರು ಕೊಟ್ಟರು. ಡಾಕ್ಟರ ಚೀಟಿ ಇಲ್ಲ, ಬಿಲ್ಲಿಲ್ಲ, ಯಾರಿಗೆ ಅಂತ ಒಂದು ಮಾತೂ ಇಲ್ಲ, ಕತ್ತರಿಯಲ್ಲಿ ಕಚಕ್ ಅಂತ ಒಂಬತ್ತು ಗುಳಿಗೆ ಕತ್ತರಿಸಿ ಪೇಪರ್ ತುಂಡಲ್ಲಿ ಸುತ್ತಿ ಕೈಗಿಟ್ಟರು. ಜಾತ್ರೆ ಮುಗಿಯುವಷ್ಟರಲ್ಲಿ ತವರಲ್ಲಿ ಮದುವೆ ಬಂತು, ಮತ್ತೆರಡು ಸಲ ತರಿಸಿದಳು. ಮದುವೆ ಮುಗಿಸಿ ಇಡೀ ರಾತ್ರಿ ಬಸ್ಸಲ್ಲಿ ಕೂತು ಬಂದವಳಿಗೆ ಎಡಗಾಲಿನ ಮೀನಖಂಡ ಬಾತು ಕಲ್ಲಾಗಿತ್ತು, ಮುಟ್ಟಿದರೆ ಬಿಸಿ. ನಾವು ನಿಂತೂ ನಿಂತೂ ಹೀಗಾಗಿದೆ ಅಂದುಕೊಂಡು ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದೆವು. ತಿಕ್ಕಲೇಬಾರದಂತೆ. ಹೆಪ್ಪು ಕಿತ್ತು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಕುತ್ತು.

ಹುಬ್ಬಳ್ಳಿಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಗೊತ್ತಾಯಿತು. ಡಾಕ್ಟರು ಕೇಳಿದ್ದು ಯಾವ ಗುಳಿಗೆ, ಎಷ್ಟು ಪವರಿನದು ಅಂತ. ನಮ್ಮ ಹತ್ತಿರ ಇದ್ದದ್ದು ಒಂದು ಬೆಳ್ಳಿ ಕಾಗದದ ಚೂರು, ಅದರ ಮೇಲೆ ಅರ್ಧ ರೇಟು. ಮುಟ್ಟು ಮುಂದೆ ಹಾಕೋಕೆ ಸಾಮಾನ್ಯವಾಗಿ ಕೊಡೋದು ನೊರೆಥಿಸ್ಟೆರಾನ್ ಅನ್ನೋ ಔಷಧ, 5 ಮಿಲಿಗ್ರಾಂನ ಗುಳಿಗೆ ದಿನಕ್ಕೆ ಮೂರು, ಅಂದರೆ ಹದಿನೈದು ಮಿಲಿಗ್ರಾಂ. ಗರ್ಭ ತಡೆಯುವ ಗುಳಿಗೆಗಳಲ್ಲಿ ಇದೇ ಔಷಧ ಸಾಮಾನ್ಯವಾಗಿ ದಿನಕ್ಕೆ ಒಂದು ಮಿಲಿಗ್ರಾಂ, ಇಲ್ಲವೇ ಅದಕ್ಕೂ ಕಡಿಮೆ ಇರುತ್ತದೆ. ಗುಳಿಗೆಯಿಂದಲೇ ಆಯಿತು ಅಂತ ಡಾಕ್ಟರು ಹೇಳಲಿಲ್ಲ, ಬಸ್ಸಿನ ಪ್ರಯಾಣವೂ ಇತ್ತು, ಅವಳ ತೂಕವೂ ಜಾಸ್ತಿ. ಆರು ತಿಂಗಳು ರಕ್ತ ತೆಳುವಾಗುವ ಔಷಧ ತಗೊಂಡಳು, ಈಗ ಆರಾಮಿದ್ದಾಳೆ.

ಈ ಅಮೆರಿಕದ ಕೇಸುಗಳಲ್ಲಿ ದೊಡ್ಡ ಜಗಳ ಏನು ಗೊತ್ತಾ? ಅಪಾಯವನ್ನು ಔಷಧದ ಜೊತೆ ಬರೋ ವಿವರದ ಚೀಟಿಯಲ್ಲಿ ಸರಿಯಾಗಿ ಬರೆದಿರಲಿಲ್ಲ ಅನ್ನೋದು. ಯಾಸ್ಮಿನ್, ಯಾಜ್ ಅನ್ನೋ ಗರ್ಭನಿರೋಧಕ ಗುಳಿಗೆಗಳ ವಿಷಯದಲ್ಲಿ ಬೇಯರ್ ಕಂಪನಿ ತಪ್ಪು ಒಪ್ಪದೆಯೇ ನೂರು ಕೋಟಿ ಡಾಲರಿಗಿಂತ ಜಾಸ್ತಿ ಕೊಟ್ಟು ರಾಜಿಯಾಯಿತು. ಆ ಚೀಟಿಯೂ ಸುಮ್ನೆ ಬಂದದ್ದಲ್ಲ, 1970ರಲ್ಲಿ ಅವರ ಸೆನೆಟ್ ವಿಚಾರಣೆಯಲ್ಲಿ ಹೆಂಗಸರು ಎದ್ದು ಕೂಗಾಡಿದ ಮೇಲೆ ಬಂದದ್ದು. ನಮ್ಮ ಕಡೆಯವರೂ ಸುಮ್ಮನಿರಲಿಲ್ಲ. 1985ರಲ್ಲಿ ಹೈದರಾಬಾದ್ ಪಕ್ಕದ ಪಟಂಚೆರು ಆರೋಗ್ಯ ಕೇಂದ್ರದಲ್ಲಿ ಗರ್ಭ ತಡೆಯುವ ನೆಟ್-ಎನ್ ಸೂಜಿಯನ್ನು, ಅದೂ ನೊರೆಥಿಸ್ಟೆರಾನ್ ಜಾತಿಯದೇ, ಪೂರ್ತಿ ವಿವರ ಹೇಳದೆ ಹೆಂಗಸರ ಮೇಲೆ ಪ್ರಯೋಗಿಸಲು ಹೊರಟಾಗ ಮಹಿಳಾ ಸಂಘಟನೆಗಳು ಪ್ರಶ್ನೆ ಮಾಡಿ, ಮರುವರ್ಷ ಸುಪ್ರೀಂ ಕೋರ್ಟಿಗೇ ಹೋದವು.

ನಮಗೆ ಆ ವಿವರದ ಚೀಟಿ ಹಾಗಿರಲಿ, ಗುಳಿಗೆಯ ಹೆಸರೂ ಸಿಗಲಿಲ್ಲ. ಕೇಸು ಹಾಕೋದಾದರೂ ಯಾವುದರ ಮೇಲೆ? ಮೆಡಿಕಲ್‌ನವರು ಇಂಥ ಗುಳಿಗೆಯನ್ನು ಡಾಕ್ಟರ ಚೀಟಿ ನೋಡಿ, ಹೆಸರಿರೋ ಪೂರ್ತಿ ಸ್ಟ್ರಿಪ್ಪನ್ನೇ ಬಿಲ್ಲಿನ ಜೊತೆ ಕೊಡಲಿ. ನೀವೂ ಮುಂದಿನ ಜಾತ್ರೆಗೆ ಹದಿನೈದು ದಿನ ಮೊದಲೇ, ಒಂದೇ ಕಾಲು ಬಾತರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ ತಡಮಾಡದೆ ದವಾಖಾನೆಗೆ ಓಡಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ.

— ಓದುಗಳೊಬ್ಬಳು, ಕೊಪ್ಪಳ ತಾಲ್ಲೂಕು