ಕೊಚ್ಚಿಯ ಹವೆ ಆಗಲಿಲ್ಲ ಎಂದದ್ದು ಸುಳ್ಳು: ಮಗಳಿಗೊಂದು ಪತ್ರ

ಪೆರ್ಲ (ಕಾಸರಗೋಡು), ಗುರುವಾರ ರಾತ್ರಿ

ಮಗಳೇ,

ಲಂಡನ್ನಿನವರ ಒಂದು ಇಮೇಲಿನಿಂದ ಆಫೀಸಿನಲ್ಲಿ ತೊಂದರೆಯಾಯ್ತು, ಕೆಲಸ ಬಿಡ್ತೇನೆ ಅಂತ ಮೊನ್ನೆ ನೀನು ಫೋನಿನಲ್ಲಿ ಅತ್ತೆ. ಆಮೇಲೆ ನಾವಿಬ್ಬರೂ ಹೇಳಿದ್ದನ್ನು ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ. ಬಿ.ಎಡ್. ಮಾಡಿ ಊರಲ್ಲೇ ಟೀಚರ್ ಆಗು ಅಂತ ಅವತ್ತೇ ಹೇಳಿದ್ದೆ ಎಂದೆನಲ್ಲ, ಅದನ್ನು. ನೀನು ಅಳುವಾಗ ಹೇಳುವ ಮಾತಲ್ಲ ಅದು. ಕನ್ನಡ ಮೀಡಿಯಂಗೆ ಹಾಕಿದ್ದು ನೀವೇ ಅಲ್ವಾ ಅಂದೆಯಲ್ಲ, ಸಿಟ್ಟು ಬಂತು. ಹಾಕಿದ್ದು ನಾನೇ. ಇವತ್ತು ಕೇಳಿದರೂ ಅಲ್ಲಿಗೇ ಹಾಕುತ್ತೇನೆ.

ಮರುದಿನ ಬೆಳಿಗ್ಗೆ ಆಚೆ ಮನೆಯ ಇಂಗ್ಲಿಷ್ ಮಾಸ್ಟ್ರ ಹತ್ತಿರ ಹೋದೆ. ಗೆಳೆಯರೊಬ್ಬರ ಮಗಳಿಗೆ ಲಂಡನ್ನಿನಿಂದ 'ಲೆಟ್ಸ್ ಟೇಬಲ್ ದಿಸ್ ಆನ್ ಥರ್ಸ್‌ಡೇ' ಅಂತ ಇಮೇಲ್ ಬಂದಿದೆ, ಹಾಗೆಂದರೆ ಎಂತ ಅಂತ ಕೇಳಿದೆ. ಗೆಳೆಯ ಯಾರು ಅಂತ ಅವರಿಗೆ ಗೊತ್ತಾಯ್ತು, ಇರಲಿ. ಅವರು ನಕ್ಕರು. ಗುರುವಾರ ಅದನ್ನು ಚರ್ಚೆಗೆ ತೆಗೆದುಕೊಳ್ಳುವ ಅಂತ ಬ್ರಿಟಿಷರ ಅರ್ಥ. ಅಮೆರಿಕದವರ ಬಾಯಲ್ಲಿ ಅದೇ ಶಬ್ದಕ್ಕೆ ಸದ್ಯಕ್ಕೆ ಪಕ್ಕಕ್ಕಿಡುವ ಅಂತ ಅರ್ಥ. ಪೂರ್ತಿ ಉಲ್ಟಾ! ನೀನು ಎರಡು ವರ್ಷ ಅಮೆರಿಕದವರ ಜೊತೆಗೇ ಕೆಲಸ ಮಾಡಿದವಳು. ಪಕ್ಕಕ್ಕಿಟ್ಟೆ. ಅದರಲ್ಲಿ ಕನ್ನಡ ಮೀಡಿಯಂ ಎಲ್ಲಿ ಬಂತು?

ನಮ್ಮ ತಿರುವನಂತಪುರದ ವಿಧಾನಸಭೆಯಲ್ಲೂ ಇದೇ ಮೇಜು. ವರದಿ 'ಮೇಶಪ್ಪುರತ್ತ್ ವೆಚ್ಚು' ಅಂತ ಮಲಯಾಳ ವಾರ್ತೆಯಲ್ಲಿ ಹೇಳುತ್ತಾರಲ್ಲ, ಸಭೆಯ ಮುಂದೆ ಮಂಡಿಸಿದರು ಅಂತ. ಮಾಸ್ಟ್ರು ಇನ್ನೊಂದು ಕತೆಯನ್ನೂ ಹೇಳಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳು ಒಂದು ಕಾಗದವನ್ನು ಟೇಬಲ್ ಮಾಡಬೇಕೋ ಬೇಡವೋ ಅಂತ ಜೋರು ಜಗಳ ಆಡಿದ್ದರಂತೆ. ತುಂಬ ಹೊತ್ತಿನ ಮೇಲೆ ಗೊತ್ತಾಯ್ತಂತೆ, ಎರಡೂ ಕಡೆಯವರಿಗೆ ಬೇಕಾದದ್ದು ಒಂದೇ. ಚರ್ಚಿಲ್ ತಾನೇ ಬರೆದಿಟ್ಟಿದ್ದಾನೆ ಇದನ್ನು. ಅವರಿಗೆಲ್ಲ ಇಂಗ್ಲಿಷ್ ಹೆತ್ತಮ್ಮನ ಭಾಷೆ ಅಲ್ವಾ?

ಇನ್ನು ನಾನು ನಿನಗೆ ಹೇಳದ ಒಂದು ವಿಷಯ ಇದೆ. ಕೊಚ್ಚಿಯ ಹವೆ ಆಗಲಿಲ್ಲ, ಅದಕ್ಕೆ ಕೆಲಸ ಬಿಟ್ಟು ಬಂದೆ ಅಂತ ನಾನು ಹೇಳುವುದನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀ. ಹವೆ ಚೆನ್ನಾಗಿಯೇ ಇತ್ತು.

1994ರಲ್ಲಿ ನನಗೆ 23 ವರ್ಷ. ಕರಿಮೆಣಸಿನ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ನನಗೆ ಬರುತ್ತಿದ್ದದ್ದು ಪೇಟೆಯ ಮಲಯಾಳ, ಬಸ್ಸು ಹತ್ತಲು, ಚಾ ಕುಡಿಯಲು ಸಾಕಾಗುವಷ್ಟು. ಅಕ್ಷರ ಓದಲು ಬರುತ್ತಿರಲಿಲ್ಲ. ಸ್ಟಾಕ್ ಪುಸ್ತಕದ ವಿಷಯದಲ್ಲಿ ಹಿರಿಯ ಗುಮಾಸ್ತನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಮ್ಯಾನೇಜರ್ ಇಬ್ಬರನ್ನೂ ಒಳಗೆ ಕರೆದರು. ನನ್ನನ್ನು ನೋಡಿ, 'ಎನ್ನಾಲ್ ನೀ ರಾಜಿ ವೆಚ್ಚೋ' ಅಂದರು.

ರಾಜಿ! ನನಗೆ ಎಷ್ಟು ಖುಷಿಯಾಯ್ತು ಗೊತ್ತುಂಟಾ? ಇಷ್ಟು ದೊಡ್ಡ ಮನುಷ್ಯ, ಜಗಳ ಬೇಡ, ರಾಜಿ ಮಾಡಿಕೊಳ್ಳಿ ಅನ್ನುತ್ತಿದ್ದಾರೆ ಅಂದುಕೊಂಡೆ. 'ಶರಿ ಸಾರ್' ಅಂದೆ. ಹೋಗಿ ಆ ಗುಮಾಸ್ತನ ಕೈ ಕುಲುಕಿದೆ. ಅವನ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ವಲ್ಪ ಹೊತ್ತಿಗೆ ಮಲಯಾಳದಲ್ಲಿ ಬರೆದ ಒಂದು ಕಾಗದ ಬಂತು. ನಗುತ್ತಾ ಸಹಿ ಹಾಕಿದೆ. ಸಂಜೆ ರೂಮಿನ ಹುಡುಗರಿಗೆ ಪರೋಟ ಕೊಡಿಸಿದೆ, ನನ್ನದೇ ದುಡ್ಡಿನಲ್ಲಿ.

ಮಲಯಾಳದಲ್ಲಿ ರಾಜಿ ಅಂದರೆ ರಾಜೀನಾಮೆ. ಮರುದಿನ ನನ್ನ ಕುರ್ಚಿಯಲ್ಲಿ ಬೇರೆ ಹುಡುಗ ಕೂತಿದ್ದ.

ನೀನು ಈಗ ನಗುತ್ತಿರಬಹುದು. ನಗು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮ್ಯಾನೇಜರ್ ಅಲ್ಲೇ ಇದ್ದರು, ಬಾಗಿಲು ತೆರೆದಿತ್ತು. ಒಳಗೆ ಹೋಗಿ, ಸಾರ್, ನನಗೆ ಆ ಶಬ್ದದ ಅರ್ಥ ಗೊತ್ತಿರಲಿಲ್ಲ ಅಂತ ಹೇಳಿದ್ದರೆ ಆಗುತ್ತಿತ್ತು. ಬಹುಶಃ ಅವರೂ ನಗುತ್ತಿದ್ದರು. ಕೆಲಸ ಉಳಿಯುತ್ತಿತ್ತೋ ಇಲ್ಲವೋ, ಅದು ಬೇರೆ. ನಾನು ಬಾಗಿಲ ಹತ್ತಿರ ಎರಡು ಸಲ ಹೋಗಿ ಎರಡು ಸಲ ವಾಪಸ್ ಬಂದೆ. ಕೆಲಸ ಹೋದದ್ದನ್ನು ನುಂಗಿಕೊಂಡೆ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿ ಕಾಸರಗೋಡಿನಲ್ಲಿ ಇಳಿಯುವಷ್ಟರಲ್ಲಿ ಹವೆಯ ಕತೆ ರೆಡಿ ಇತ್ತು.

ಮೂವತ್ತು ವರ್ಷದಲ್ಲಿ ಆ ಬಾಗಿಲನ್ನು ಎಷ್ಟು ಸಲ ನೆನೆಸಿದ್ದೇನೋ. ಅಡಿಕೆ ಸುಲಿಯುವಾಗ ಅದೇ ನೆನಪು, ಸೊಸೈಟಿಯಲ್ಲಿ ಲೆಡ್ಜರ್ ಮುಂದೆ ಕೂತರೂ ಅದೇ. ನೀಲಿ ಬಣ್ಣದ ಬಾಗಿಲು. ಹಿಡಿಕೆ ಹಿತ್ತಾಳೆಯದು.

ಮೊನ್ನೆ ನೀನು 'ರಾಜೀನಾಮೆ ಕೊಡ್ತೇನೆ ಅಪ್ಪ' ಅಂದಾಗ ನನ್ನ ಕಿವಿಗೆ ಆ ಶಬ್ದದ ಮೊದಲರ್ಧವೇ ಬಿತ್ತು.

ಈಗ ಸ್ವಲ್ಪ ಬುದ್ಧಿವಾದ. ನೀನು ಓದದೆ ಮುಂದಕ್ಕೆ ಹೋಗುತ್ತೀ ಅಂತ ಗೊತ್ತು, ಆದರೂ ಬರೆಯುತ್ತೇನೆ. ಲಂಡನ್ನಿನವರಿಗೆ ಇವತ್ತೇ ಒಂದು ಇಮೇಲ್ ಕಳಿಸು. ನಿಮ್ಮ ಟೇಬಲ್ ಅನ್ನು ನಾನು ಅಮೆರಿಕದ ಅರ್ಥದಲ್ಲಿ ತೆಗೆದುಕೊಂಡೆ, ತಪ್ಪಾಯ್ತು, ತಯಾರಿ ಮಾಡಿಕೊಂಡಿದ್ದೇನೆ, ಯಾವಾಗ ಮಾತಾಡುವ ಅಂತ ಎರಡು ಸಾಲು. ಅದನ್ನು ನಿನ್ನ ಮ್ಯಾನೇಜರಿಗೂ ತೋರಿಸು. ಇನ್ನು ಮುಂದೆ ಸಂಶಯ ಬಂದ ಕೂಡಲೇ ಕೇಳಿಬಿಡು. ಅರ್ಥ ಆಗಲಿಲ್ಲ ಅಂತ ಬರೆಯಲು ಸಂಕೋಚ ಆದರೆ, ಗುರುವಾರ ಚರ್ಚಿಸುವುದಾ, ಮುಂದಕ್ಕೆ ಹಾಕುವುದಾ ಅಂತ ಎರಡನ್ನೂ ಮುಂದಿಡು. ಅವರೇ ಒಂದನ್ನು ಆರಿಸುತ್ತಾರೆ. ತಾರೀಕು 3/4 ಅಂತ ಬರೆಯಬೇಡ. ಲಂಡನ್ನಿನವರಿಗೆ ಅದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರು ಬರೆ. 'ಹಾಫ್ ಟೆನ್' ಅಂದರೆ ಬ್ರಿಟಿಷರಿಗೆ ಹತ್ತೂವರೆ, ಒಂಬತ್ತೂವರೆ ಅಲ್ಲ. 'ಐ ವಿಲ್ ಬೇರ್ ಇಟ್ ಇನ್ ಮೈಂಡ್' ಅಂತ ಅವರು ಬರೆದರೆ ಕಾಯುತ್ತಾ ಕೂರಬೇಡ. ಅದು ಹೆಚ್ಚಿನ ಸಲ ನಮ್ಮವರ 'ನೋಡುವ' ಇದ್ದ ಹಾಗೆ. ಹುಡುಗನ ಕಡೆಯವರು ಊಟ ಮಾಡಿ, 'ನೋಡುವ, ತಿಳಿಸ್ತೇವೆ' ಅಂತ ಹೋದ ಮೇಲೆ ಯಾರಾದರೂ ಚಪ್ಪರ ಹಾಕಿಸುತ್ತಾರಾ?

ನಾವೇನು ಕಡಿಮೆಯಾ! ಉತ್ತರ ಬರೆಯಿರಿ ಅನ್ನಲು 'ಪ್ಲೀಸ್ ರಿವರ್ಟ್' ಅಂತೇವೆ. ಮೊದಲಿದ್ದ ಸ್ಥಿತಿಗೆ ಮರಳುವುದಕ್ಕೆ ಅವರು ರಿವರ್ಟ್ ಅನ್ನುವುದು. 'ಡೂ ದ ನೀಡ್‌ಫುಲ್' ಅಂತ ಸೊಸೈಟಿಯಿಂದ ನಾನೇ ಎಷ್ಟು ಕಾಗದ ಬರೆದಿದ್ದೇನೋ.

ನೋಡು, ಉಪನ್ಯಾಸ ಶುರುವಾಯ್ತು. ಮಲಯಾಳದಲ್ಲಿ ಉಪನ್ಯಾಸ ಅಂದರೆ ಪ್ರಬಂಧ. ನಂದು ಎರಡೂ ಆಯ್ತು.

ಹದಿಮೂರು ಜನರ ಟೀಮಿನಲ್ಲಿ ಲಂಡನ್ನಿನವರ ಜೊತೆ ಮಾತಾಡಲು ಆರಿಸಿದ್ದು ನಿನ್ನನ್ನು. ಅದನ್ನು ನಾನು ಪೆರ್ಲ ಪೇಟೆಯಲ್ಲಿ ಎಷ್ಟು ಜನರ ಹತ್ತಿರ ಹೇಳಿದ್ದೇನೆ ಅಂತ ನಿನ್ನ ಅಮ್ಮನನ್ನು ಕೇಳು. ಆದರೆ ಕೊಚ್ಚಿಯ ವಿಷಯ ಅವಳ ಹತ್ತಿರ ಎತ್ತಬೇಡ. ಮದುವೆಯಾದ ಮೇಲೆ ಒಂದು ಸಲವೂ ನನ್ನನ್ನು ಕೊಚ್ಚಿಗೆ ಹೋಗಲು ಬಿಟ್ಟಿಲ್ಲ, ಹವೆ ಆಗುವುದಿಲ್ಲ ಅಂತ. ಈಗ ಹೇಳಿದರೆ ಹೇಗೆ?

ಶನಿವಾರ ಅಡಿಕೆ ಸುಲಿಯುವವರು ಬರುತ್ತಾರೆ. ಚಾವಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದರೂ ನಿನಗೆ ಮಲಗಲು ಒಳಗಿನ ಕೋಣೆ ಇದೆ. ಬಾ. ರಜೆ ಹಾಕಿ ಬಾ.

ನಿನ್ನ ಅಪ್ಪ