ವಿರಾಜಪೇಟೆಯ ಆ ಹೋಮ್‌ಗಾರ್ಡ್ ಅಕ್ಕನಿಗೆ

ಶುಭ ಶುಕ್ರವಾರ, 1792ರಲ್ಲಿ ಶುರುವಾದ ಸಂತ ಅನ್ನಮ್ಮ ಚರ್ಚ್‌ನ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆದು 14 ಕಡೆ ನಿಂತು ಪ್ರಾರ್ಥಿಸುವ ಮೆರವಣಿಗೆ. ಜನ ಜಾಸ್ತಿ, ಬಿಸಿಲೂ ಜೋರು. ಈ ದಿನದ ಉಪವಾಸ ಕ್ಯಾಥೊಲಿಕರಲ್ಲಿ 18ರಿಂದ 59 ವರ್ಷದವರಿಗೆ ಮಾತ್ರ ಕಡ್ಡಾಯ. ಅಮ್ಮನಿಗೆ 67. ಆದರೂ ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

14 ಸ್ಥಳಗಳಲ್ಲಿ ಒಂಬತ್ತನೆಯದು, ಯೇಸು ಮೂರನೇ ಸಲ ಬೀಳುವ ಸ್ಥಳ. ಎಲ್ಲರೂ ಮಂಡಿಯೂರಿ ಎದ್ದರು, ಅಮ್ಮ ಏಳಲಿಲ್ಲ. ಕೈ ತಣ್ಣಗೆ, ಮುಖವೆಲ್ಲ ಬೆವರು. ನನಗೆ ಕೈಕಾಲೇ ಆಡಲಿಲ್ಲ.

ಗಾಡಿಗಳನ್ನು ತಡೆಯುತ್ತಿದ್ದ ನೀವು ಓಡಿ ಬಂದಿರಿ. "ಅಮ್ಮಾ, ಶುಗರ್ ಇದ್ಯಾ?" ಅಂತ ಕೇಳಿ, ನಿಮ್ಮ ಬಾಟಲಿಗೇ ಗ್ಲೂಕೋಸ್ ಹಾಕಿ ಕುಲುಕಿದಿರಿ. "ಉಪವಾಸ" ಅಂತ ಅಮ್ಮ ತಲೆಯಾಡಿಸಿದರು. ನೀವು ಗದರಲಿಲ್ಲ. "ನೀರು ಕುಡಿಯಬಹುದಲ್ವಾ? ಇದೂ ನೀರೇ ಅಮ್ಮಾ" ಅಂದು ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದಿರಿ. ಅಂಗಡಿ ಜಗಲಿಯಲ್ಲಿ ಕೂರಿಸಿ ಟೋಪಿಯಿಂದ ಗಾಳಿ ಹಾಕಿದಿರಿ. ಜಾರಿದ್ದ ಸೆರಗನ್ನೂ ಸರಿಮಾಡಿದಿರಿ. ಅದನ್ನು ನಾನು ಮರೆಯಲಾರೆ.

ಹತ್ತು ನಿಮಿಷದಲ್ಲಿ ಅಮ್ಮ "ಎಷ್ಟನೇ ಸ್ಥಳ ಬಂತು?" ಅಂತ ಕೇಳಿದರು. ಆಗ ನನಗೆ ಹೋದ ಜೀವ ಬಂದ ಹಾಗಾಯ್ತು. ತಿರುಗಿ ನೋಡಿದರೆ ನೀವು ಆಗಲೇ ತಿರುವಿನಲ್ಲಿ ಗಾಡಿ ನಿಲ್ಲಿಸುತ್ತಿದ್ದಿರಿ. ಹೆಸರು ಕೇಳಲೂ ಆಗಲಿಲ್ಲ.

ತುಂಬಾ ಥ್ಯಾಂಕ್ಸ್ ಅಕ್ಕಾ. ಈಸ್ಟರ್ ದಿನ ಅಮ್ಮ ನಿಮಗಾಗಿ ಒಂದು ಮೇಣದಬತ್ತಿ ಹಚ್ಚಿದ್ದಾರೆ.